ಟ್ರೌಟ್ ಇಲ್ಲದ ಹೊಳೆಯಲ್ಲಿ ಮೂರು ದಿನ

ಶುಕ್ರವಾರ

ತಾಳಗುಪ್ಪ ರೈಲು ಶಿವಮೊಗ್ಗ ಮುಟ್ಟಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಭಾವ ಎಲ್ಲರಿಗಿಂತ ಮೊದಲು ಇಳಿದರು. ಬ್ಯಾಗು ನನ್ನ ಹೆಗಲಿಗೆ ಬಂತು. ಅವರ ಕೈಯಲ್ಲಿ ಎರಡೂವರೆ ಅಡಿ ಉದ್ದದ ಒಂದು ಕೊಳವೆ ಮಾತ್ರ. ರಾತ್ರಿಯಿಡೀ ಅದನ್ನು ಬರ್ತಿನ ಮೇಲೆ ಮಗುವಿನ ಹಾಗೆ ಪಕ್ಕದಲ್ಲೇ ಮಲಗಿಸಿಕೊಂಡಿದ್ದರು. ಎದುರು ಸೀಟಿನ ಅಜ್ಜಿ "ಎಂತದಪ್ಪಾ ಅದು, ಕೊಳಲಾ?" ಅಂತ ಕೇಳಿದ್ದರು. "ಅಲ್ಲ ಅಜ್ಜಿ, ಗಾಳ" ಅಂದರೆ ಅಜ್ಜಿ ನಂಬಲೇ ಇಲ್ಲ. ಗಾಳಕ್ಕೂ ಪೆಟ್ಟಿಗೆ ಇರುತ್ತದೆ ಅಂತ ಯಾರು ತಾನೇ ನಂಬುತ್ತಾರೆ?

ಭಾವ ಎಂಟು ವರ್ಷ ಕೊಲರಾಡೋದಲ್ಲಿದ್ದರು. ಅಲ್ಲಿ ವಾರಾಂತ್ಯ ಬಂತೆಂದರೆ ಸೊಂಟದವರೆಗೆ ರಬ್ಬರ್ ಪ್ಯಾಂಟು ಏರಿಸಿಕೊಂಡು ಟ್ರೌಟ್ ಮೀನು ಹಿಡಿಯೋಕೆ ಹೋಗುತ್ತಿದ್ದರಂತೆ. ಅಕ್ಕ ಹೇಳುವ ಪ್ರಕಾರ ಮದುವೆ ವಾರ್ಷಿಕೋತ್ಸವಕ್ಕೂ ಹೊಳೆಗೇ ಕರೆದುಕೊಂಡು ಹೋಗಿದ್ದರು. ಹೋದ ವರ್ಷ ಬೆಂಗಳೂರಿಗೆ ವಾಪಸ್ ಬಂದ ಮೇಲೆ ಒಂದೇ ಹಾಡು. "ನಿಮ್ಮ ಮಲೆನಾಡಲ್ಲಿ ಅಷ್ಟೊಂದು ಹೊಳೆ ಇದೆಯಲ್ಲ, ಒಂದರಲ್ಲೂ ಟ್ರೌಟ್ ಇಲ್ವಾ?"

ಇಲ್ಲ. ಟ್ರೌಟ್ ನಮ್ಮ ದೇಶದ ಮೀನೇ ಅಲ್ಲ. ಕಂದು ಟ್ರೌಟ್ ಯುರೋಪಿನದು, ಕಾಮನಬಿಲ್ಲಿನ ಟ್ರೌಟ್ ಅಮೆರಿಕದ ಪಶ್ಚಿಮ ಕರಾವಳಿ ಕಡೆಯದು. ಬ್ರಿಟಿಷರಿಗೆ ಇಲ್ಲಿ ಬಂದ ಮೇಲೆ ಊರಿನ ಮೀನಿನ ನೆನಪು ಕಾಡಿತು. ಕಾಶ್ಮೀರಕ್ಕೆ ತಂದರು, ನೀಲಗಿರಿಗೆ ತಂದರು, ಮುನ್ನಾರಿಗೂ ತಂದರು. ನೀಲಗಿರಿಯಲ್ಲಿ 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಅನ್ನುವ ಡಾಕ್ಟರು ಮೊದಲು ಕೈಹಾಕಿದ್ದು, ಆಗಲಿಲ್ಲ. ಮುಂದೆ 1900 ದಾಟಿದ ಮೇಲೆ ಎಚ್. ಸಿ. ವಿಲ್ಸನ್ ಅನ್ನುವವರು ಅವಲಾಂಚಿಯಲ್ಲಿ ಮರಿ ಮಾಡಿಸಿ ಬಿಟ್ಟರು. ಅವು ಉಳಿದುಕೊಂಡವು. ಟ್ರೌಟಿಗೆ ಬೇಕಾದದ್ದು ಚಳಿ. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಉಸಿರು ಕಟ್ಟೋಕೆ ಶುರು. ಊಟಿ ಊರೇ 2,240 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದಲ್ಲೇ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ, ಅದರ ನೆತ್ತಿ 1,930. ಅಂದರೆ ನಮ್ಮ ಬೆಟ್ಟದ ತುದಿಗಿಂತ ಅವರ ಬಸ್ ಸ್ಟ್ಯಾಂಡು ಮೇಲಿದೆ. ನಮ್ಮ ಹೊಳೆಗಳಿಗೆ ಟ್ರೌಟ್ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಹೇಳಿದ ಮೇಲೂ ಭಾವ "ಇರಲಿ, ಟ್ರೌಟ್ ಬೇಡ. ಹೊಳೆ ಸಾಕು" ಅಂದರು. ಹೀಗೆ ಯುಗಾದಿ ಕಳೆದ ವಾರ ಹೊರಟಿದ್ದು.

ತೀರ್ಥಹಳ್ಳಿ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಗಾಜನೂರು ದಾಟಿ ಸಕ್ರೆಬೈಲಿನ ಹತ್ತಿರ ಬರುವಾಗ ಆನೆಗಳನ್ನು ನೀರಿಗೆ ಇಳಿಸುತ್ತಿದ್ದರು. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳೆಲ್ಲ ಖಾಲಿ. ಬೆಳ್ಳಕ್ಕಿ, ನೀರುಕಾಗೆ ಎಲ್ಲ ಗೂಡು ಕಟ್ಟೋಕೆ ಬರೋದು ಮಳೆಗಾಲಕ್ಕೆ. ಭಾವನಿಗೆ ಹಕ್ಕಿ ಇಲ್ಲದ್ದು ಬೇಜಾರಾಗಲಿಲ್ಲ. ಅವರು ಮರ ನೋಡಲೇ ಇಲ್ಲ, ಬಸ್ಸು ತುಂಗೆಯ ಪಕ್ಕದಲ್ಲಿ ಹೋದಷ್ಟು ಹೊತ್ತೂ ನೀರನ್ನೇ ನೋಡಿದರು.

ಚಿಕ್ಕಪ್ಪನ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ತೋಟ ಇಳಿದರೆ ಹೊಳೆ. ಆಗುಂಬೆ ಕಡೆಯಿಂದ ಇಳಿದು ಬಂದು ತುಂಗೆಗೆ ಸೇರುವ ಮಾಲತಿ. ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ ಹೊಡೆಯುವ ಕಡೆಯ ನೀರು ಅದು. ಜುಲೈಯಲ್ಲಿ ನೋಡಿದರೆ ಹೆದರಿಕೆ ಆಗುತ್ತದೆ. ಏಪ್ರಿಲ್‌ನಲ್ಲಿ ಪಂಚೆ ಎತ್ತಿ ಕಟ್ಟಿ ದಾಟಬಹುದು.

ಸಂಜೆ ಕೊಯ್ಲು ಮುಗಿದ ಗದ್ದೆಯಲ್ಲಿ ಭಾವ ಕೊಳವೆ ಬಿಚ್ಚಿದರು. ನಾಲ್ಕು ತುಂಡಿನ ಕೋಲು, ಸೇರಿಸಿದರೆ ಒಂಬತ್ತಡಿ. ಕಿರುಬೆರಳಿಗಿಂತ ಸಣ್ಣ, ಎತ್ತಿದರೆ ತೂಕವೇ ಗೊತ್ತಾಗುವುದಿಲ್ಲ. ದಾರ ಮಾತ್ರ ದಪ್ಪ, ಹಳದಿ ಬಣ್ಣ. ಇದರ ವಿಷಯವೇ ಬೇರೆ. ನಮ್ಮ ಗಾಳದಲ್ಲಿ ತೂಕ ಇರೋದು ತುದಿಯಲ್ಲಿ. ಸೀಸದ ಗುಂಡು ಕಟ್ಟಿ ಬೀಸಿದರೆ ಅದೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇದರಲ್ಲಿ ತುದಿಗೆ ಕಟ್ಟುವ ಹುಳಕ್ಕೆ ತೂಕವೇ ಇಲ್ಲ, ಉಫ್ ಅಂದರೆ ಹಾರುತ್ತದೆ. ತೂಕ ದಾರದಲ್ಲಿದೆ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಆಮೇಲೆ ಮುಂದಕ್ಕೆ. ಆ ಕಾಯೋದೇ ಕಷ್ಟ. ನಾನು ಬೀಸಿದಾಗಲೆಲ್ಲ ದಾರ ಕೊರಳಿಗೆ ಸುತ್ತಿಕೊಂಡಿತು.

ಅಂಗಳದಿಂದ ಚಿಕ್ಕಪ್ಪ ಕೂಗಿದರು. "ಎಂತ ಅಳಿಯಂದ್ರೇ, ಗಾಳಿಪಟವಾ?"

ಹತ್ತಿರ ಬಂದು ಹುಳಗಳ ಡಬ್ಬಿ ನೋಡಿದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿಯೊಳಗೆ ಸಾಲಾಗಿ ಚುಚ್ಚಿಟ್ಟ ಮೂವತ್ತು ನಲವತ್ತು ಸುಳ್ಳು ಹುಳ. ಒಂದೊಂದೂ ಅಕ್ಕಿಕಾಳಿನಿಂದ ಹೆಸರುಕಾಯಿ ತುಣುಕಿನವರೆಗೆ. ಗಾಳದ ಮೇಲೆ ನೂಲು ಸುತ್ತಿ, ಮೊಲದ ಕೂದಲು ತಿಕ್ಕಿ, ಕುತ್ತಿಗೆಗೆ ಗರಿ ಸುತ್ತಿದ್ದು. ಗರಿಯ ಎಳೆಗಳು ಸುತ್ತಲೂ ಕಾಲಿನ ಹಾಗೆ ನಿಂತು ಹುಳವನ್ನು ನೀರಿನ ಮೇಲೆ ತೇಲಿಸುತ್ತವೆ. ಚಿಕ್ಕಪ್ಪ ಒಂದನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿದರು.

"ಇದು ಹುಂಜದ ಕುತ್ತಿಗೆ ಗರಿ ಅಲ್ವಾ?"

"ಹೌದು ಮಾವ. ಅಲ್ಲಿ ಇದಕ್ಕೇ ಅಂತ ಹುಂಜ ಸಾಕ್ತಾರೆ. ಒಂದು ಹುಂಜದ ಕುತ್ತಿಗೆಯ ಅಷ್ಟೂ ಗರಿಗೆ ಎಂಬತ್ತು ಡಾಲರ್ ಕೊಟ್ಟಿದೀನಿ."

ಚಿಕ್ಕಪ್ಪ ಮಾತಾಡಲಿಲ್ಲ. ಕೊಟ್ಟಿಗೆ ಮಾಡಿನ ಮೇಲೆ ಕೂತಿದ್ದ ತಮ್ಮ ಕೆಂಪು ಹುಂಜವನ್ನು ಸುಮ್ನೆ ಒಂದು ಸಲ ನೋಡಿದರು.

ಶನಿವಾರ

ಐದೂವರೆಗೆ ಚಿಕ್ಕಮ್ಮ ಕಾಫಿ ಕೊಟ್ಟು ಎಬ್ಬಿಸಿದರು. ಹೊರಡುವ ಮುಂಚೆ ಕೈಕಾಲಿಗೆ ಎಣ್ಣೆ. ಆರೋಗ್ಯ ಇಲಾಖೆಯವರು ಮನೆಮನೆಗೆ ಕೊಡುವ ಡೆಪಾ ಎಣ್ಣೆ, ಮಂಗನ ಕಾಯಿಲೆ ತರುವ ಉಣುಗು ಹತ್ತದ ಹಾಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯೋಕೆ ಶುರುವಾಗಿ ಪತ್ತೆಯಾದ ಕಾಯಿಲೆ ಇದು. ಈಗಲೂ ಬೇಸಿಗೆ ಬಂದರೆ ಮಂಗನ ಕಾಯಿಲೆಯ ಹೆದರಿಕೆ ಇದ್ದೇ ಇದೆ. ಭಾವ "ವಾಸನೆಗೆ ಮೀನು ಓಡಿಹೋಗುತ್ತೆ, ಕೈಗೆ ಬೇಡ" ಅಂದರು. ಚಿಕ್ಕಮ್ಮ ಕೇಳಲಿಲ್ಲ. ಭಾವ ಹೊಳೆಗೆ ಹೋದ ಮೇಲೆ ಮರಳಲ್ಲಿ ಅಂಗೈ ತಿಕ್ಕಿ ತಿಕ್ಕಿ ತೊಳೆದರು.

ತೋಟದ ಕೆಳಗೆ ಸುರಗಿ ಮರ ಹೂ ಬಿಟ್ಟಿತ್ತು. ಅದರ ಕೆಳಗೆ ಹೋಗುವಾಗ ಮೂವರೂ ಮಾತಾಡದೆ ನಡೆದೆವು. ಆ ವಾಸನೆಯಲ್ಲಿ ಮಾತು ಬೇಕು ಅನ್ನಿಸುವುದಿಲ್ಲ. ಹೊಳೆ ಕಡೆಯಿಂದ ಯಾರೋ ಸಿಳ್ಳೆ ಹಾಕಿದ ಹಾಗೆ ಕೇಳಿತು. ಯಾರೂ ಅಲ್ಲ, ಹಕ್ಕಿ. ಕಪ್ಪು ನೀಲಿ ಮೈ, ಹೊಳೆ ಬದಿಯ ಬಂಡೆ ಮೇಲೆ ಕೂತು ಬೆಳಗಿನ ಜಾವ ದಾರಿಹೋಕರ ಹಾಗೆ ರಾಗ ಎಳೆಯುತ್ತದೆ.

ಹೊಳೆ ಎರಡು ಕವಲಾಗಿ ಹರಿಯುತ್ತಿತ್ತು. ಜಾಸ್ತಿ ನೀರಿಲ್ಲ. ಬಂಡೆಗಳ ಮೇಲೆ ಮಳೆಗಾಲದ ನೀರು ಎಲ್ಲಿವರೆಗೆ ಏರಿತ್ತು ಅನ್ನೋದಕ್ಕೆ ಒಂದು ಕರೀ ಗೆರೆ, ನನ್ನ ತಲೆಗಿಂತ ಮೇಲೆ. ಈಗ ಮೊಣಕಾಲು. ಎಲ್ಲೋ ಮೇಲೆ ತೋಟಕ್ಕೆ ನೀರೆತ್ತುವ ಪಂಪು ಕೂಗುತ್ತಿತ್ತು.

ಬಂದ ಕೂಡಲೇ ಗಾಳ ಹಾಕೋದು ಅಂತ ನಾನು ಅಂದುಕೊಂಡಿದ್ದೆ. ಚಿಕ್ಕಪ್ಪ ಒಂದು ಬಂಡೆ ಮೇಲೆ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದರು. ಭಾವ ಇನ್ನೊಂದು ಬಂಡೆ ಮೇಲೆ ಕೂತರು. ಇಬ್ಬರೂ ನೀರು ನೋಡುತ್ತಾ ಕೂತೇಬಿಟ್ಟರು. ಹತ್ತು ನಿಮಿಷ ಆಯಿತು, ಕಾಲು ಗಂಟೆ ಆಯಿತು. ನಾನು ಸುಮ್ನೆ ಕೂರಲಾರದೆ ಫೋನು ತೆಗೆದೆ, ಸಿಗ್ನಲ್ ಇಲ್ಲ, ಮತ್ತೆ ಇಟ್ಟೆ.

ಕೊನೆಗೆ ಭಾವ ಕೈ ತೋರಿಸಿದರು. "ಅಲ್ಲಿ."

ಚಿಕ್ಕಪ್ಪನೂ ಆಗಲೇ ಬೀಡಿ ಹಿಡಿದ ಕೈಯನ್ನು ಅದೇ ಕಡೆ ಚಾಚಿದ್ದರು. ಒಂದು ದೊಡ್ಡ ಬಂಡೆ, ಅದರ ಎರಡೂ ಬದಿಯಿಂದ ಬಂದ ನೀರು ಹಿಂದೆ ಒಂದಾಗುವ ಜಾಗ. ಅಲ್ಲಿ ನೀರಿನ ಮೇಲೆ ಬಟ್ಟೆ ಮಡಿಸಿದ ಹಾಗೆ ಒಂದು ಗೆರೆ. ನೊರೆ ಆ ಗೆರೆ ಹಿಡಿದೇ ಹೋಗುತ್ತಿತ್ತು.

"ನೊರೆ ಹೋಗೋ ದಾರಿಯಲ್ಲೇ ಊಟನೂ ಹೋಗ್ತದೆ ಮಾರಾಯ," ಚಿಕ್ಕಪ್ಪ ನನಗೆ ಹೇಳಿದರು. "ಮೀನಿಗೆ ಸೆಳವಲ್ಲಿ ಈಜೋಕೆ ಸೋಮಾರಿತನ. ಬಂಡೆ ಮರೆಯಲ್ಲಿ ನಿಂತ್ಕಂಡು ಬಾಯಿ ಹಾಕ್ತದೆ."

ಭಾವ ನಕ್ಕರು. ಟ್ರೌಟೂ ಹೀಗೇ ಅಂತೆ. ತಲೆ ಹರಿವಿನ ಎದುರಿಗೆ, ಮೈ ಕಡಿಮೆ ಸೆಳವಿನಲ್ಲಿ, ಕಣ್ಣು ಜೋರು ಸೆಳವಿನ ಮೇಲೆ. ಅದನ್ನು ಕಲಿಯೋಕೆ ಅವರಿಗೆ ಎರಡು ವರ್ಷ ಬೇಕಾಯಿತಂತೆ. ಚಿಕ್ಕಪ್ಪ ಯಾವಾಗ ಕಲಿತರೋ ಅವರಿಗೇ ಗೊತ್ತಿಲ್ಲ.

ಆಮೇಲೂ ಗಾಳ ಹಾಕಲಿಲ್ಲ! ಭಾವ ನೀರಿಗಿಳಿದು ಕಲ್ಲು ಮಗುಚೋಕೆ ಶುರು ಮಾಡಿದರು. ಒಂದು ತೆಂಗಿನಕಾಯಿ ಗಾತ್ರದ ಕಲ್ಲು ಎತ್ತಿ ಅದರ ಹೊಟ್ಟೆ ನನಗೆ ತೋರಿಸಿದರು. ಮೊದಲು ಏನೂ ಕಾಣಲಿಲ್ಲ, ಬರೀ ಪಾಚಿ, ಮರಳು. ನೋಡ್ತಾ ನೋಡ್ತಾ ಮರಳಿನ ಒಂದು ಸಣ್ಣ ಕಡ್ಡಿ ನಡೆಯಿತು. ಭತ್ತದ ಕಾಳಿನಷ್ಟುದ್ದ. ಹತ್ತಿರ ಹಿಡಿದರೆ ಅದು ಕೊಳವೆ. ಒಂದೊಂದು ಮರಳಿನ ಕಣವನ್ನೂ ಆರಿಸಿ, ಸಂದಿಯಿಲ್ಲದ ಹಾಗೆ ಒಂದರ ಪಕ್ಕ ಒಂದು ಜೋಡಿಸಿದ್ದು, ಒಳ್ಳೆ ಗಾರೆ ಕೆಲಸದವರು ಕಟ್ಟಿದ ಹಾಗೆ. ಅದರ ತುದಿಯಿಂದ ಕಂದು ತಲೆ, ಆರು ಕಾಲು ಹೊರಗೆ ಬಂದವು. ಬೆರಳು ಮುಟ್ಟಿಸಿದೆ, ಒಳಗೆ ಹೋಯಿತು. ಹುಳ ಬಾಯಿಂದ ರೇಷ್ಮೆಯಂಥ ಎಳೆ ಬಿಟ್ಟು ಕಣಗಳನ್ನು ಅಂಟಿಸಿಕೊಳ್ಳುತ್ತದಂತೆ. ಮುಂದೆ ರೆಕ್ಕೆ ಬಂದು ಹಾರುತ್ತದೆ, ಇಂಗ್ಲಿಷಿನಲ್ಲಿ ಕ್ಯಾಡಿಸ್. ಅದೇ ಕಲ್ಲಿನ ಮೇಲೆ ಚಪ್ಪಟೆ ಮೈ, ಮೂರು ಬಾಲದ ಇನ್ನೊಂದು ಹುಳ ಏಡಿಯ ಹಾಗೆ ಓರೆಯಾಗಿ ಓಡಿತು. ಅದು ಮೇಫ್ಲೈ ಮರಿ. ನೀರೊಳಗೆ ತಿಂಗಳುಗಟ್ಟಲೆ ಬದುಕಿ, ರೆಕ್ಕೆ ಬಂದ ಮೇಲೆ ಒಂದೆರಡು ದಿನಕ್ಕೆ ಸಾಯುತ್ತದೆ. ರೆಕ್ಕೆ ಬಂದದ್ದಕ್ಕೆ ತಿನ್ನುವ ಬಾಯಿಯೇ ಇರುವುದಿಲ್ಲ.

"ಕೊಲರಾಡೋದಲ್ಲೂ ಕಲ್ಲೆತ್ತಿದ್ರೆ ಇವೇ," ಅಂದರು ಭಾವ. "ಜಾತಿ ಬೇರೆ, ಮನೆತನ ಒಂದೇ."

ಚಿಕ್ಕಪ್ಪನಿಗೆ ಇದು ಹೊಸದಲ್ಲ. ಚಿಕ್ಕಂದಿನಲ್ಲಿ ಎರೆಹುಳ ಸಿಗದಿದ್ದರೆ ಆ ಮರಳಿನ ಗೂಡು ಒಡೆದು ಹುಳ ತೆಗೆದು ಗಾಳಕ್ಕೆ ಸಿಕ್ಕಿಸುತ್ತಿದ್ದರಂತೆ. "ಆದ್ರೆ ಹಾರೋ ಹುಳದ ಮರಿ ಇದು ಅಂತ ಗೊತ್ತಿರಲಿಲ್ಲ" ಅಂದರು. ಆ ಕಲ್ಲನ್ನು ಭಾವನ ಕೈಯಿಂದ ಇಸಕೊಂಡು, ಮೊದಲು ಹೇಗಿತ್ತೋ ಹಾಗೇ ವಾಪಸ್ ಇಟ್ಟರು.

ಇನ್ನು ಥರ್ಮಾಮೀಟರ್. ದಾರ ಕಟ್ಟಿದ ಒಂದು ಸಣ್ಣ ಕೊಳವೆಯನ್ನು ಭಾವ ನೀರಿಗೆ ಬಿಟ್ಟು ಎರಡು ನಿಮಿಷ ಕಾದರು. ಬೆಳಗ್ಗೆ ಏಳೂವರೆಗೇ 25 ಡಿಗ್ರಿ. ತಣ್ಣೀರು ಜಾಸ್ತಿ ಆಮ್ಲಜನಕ ಹಿಡಿದುಕೊಳ್ಳುತ್ತದೆ. 10 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ ಕರಗಿದರೆ, 25 ಡಿಗ್ರಿಯಲ್ಲಿ 8ರ ಆಸುಪಾಸು. "ಟ್ರೌಟ್ ಆಗಿದ್ರೆ ಈಗ ಹೊಟ್ಟೆ ಮೇಲೆ ಮಾಡ್ಕೊಂಡು ತೇಲ್ತಿತ್ತು" ಅಂದರು ಭಾವ. ಚಿಕ್ಕಪ್ಪ ಕಾಲು ನೀರಿಗೆ ಇಳಿಬಿಟ್ಟು "ಒಳ್ಳೆ ತಣ್ಣಗಿದೆಯಲ್ಲ" ಅಂದರು.

ಎಂಟು ಗಂಟೆ ಹೊತ್ತಿಗೆ ಕೊನೆಗೂ ಬೀಸಿದರು. ಹಳದಿ ದಾರ ಹೊಳೆಯ ಮೇಲೆ ಉದ್ದಕ್ಕೆ ಬಿಚ್ಚಿಕೊಂಡು, ಹುಳ ಬಂಡೆಯ ಮುಂದೆ ಹತ್ತಿಯ ಹಾಗೆ ಕೂತಿತು. ನೊರೆಯ ಜೊತೆ ತೇಲಿ ಬಂತು. ಏನೂ ಇಲ್ಲ. ಮತ್ತೆ ಬೀಸಿದರು, ಏನೂ ಇಲ್ಲ. ಮೂರನೇ ಸಲ ನೀರಿನ ಮೇಲೆ ಒಂದು ಚಿಟಿಕೆ ಹೊಡೆದಂತಾಯಿತು, ಕೋಲು ಬಾಗಿತು.

ಬಂದದ್ದು ಬೆರಳಿಗಿಂತ ತುಸು ಉದ್ದದ ಮೀನು. ಭಾವ ಕೈ ಒದ್ದೆ ಮಾಡಿಕೊಂಡು ಹಿಡಿದರು, ಒಣ ಕೈಯಲ್ಲಿ ಹಿಡಿದರೆ ಮೈಯ ಲೋಳೆ ಹೋಗಿ ಮೀನಿಗೆ ರೋಗ ಬರುತ್ತದೆ. ಬೆನ್ನು ಆಲಿವ್ ಹಸಿರು, ಹೊಟ್ಟೆ ಬೆಳ್ಳಿ, ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ನೀಲಿ ಪಟ್ಟೆ. ಬಿಸಿಲಿಗೆ ತಿರುಗಿಸಿದಾಗ ಆ ನೀಲಿ ಒಂದು ಕ್ಷಣ ನವಿಲಿನ ಬಣ್ಣಕ್ಕೆ ತಿರುಗಿತು. ಬಾಯಿ ಮಾತ್ರ ಮೈಗೆ ಮೀರಿದ್ದು.

"ಗಿರ್ಲು," ಅಂದರು ಚಿಕ್ಕಪ್ಪ. "ಇದಕ್ಕೆ ಇಷ್ಟೆಲ್ಲ ಖರ್ಚಾ?"

ಭಾವ ಮಾತ್ರ ಮಗು ಹುಟ್ಟಿದವರ ಹಾಗೆ ಖುಷಿಯಲ್ಲಿದ್ದರು. ಇದು ಬರಿಲಿಯಸ್ ಗುಂಪಿನ ಮೀನು, ಸೆಳವಿನಲ್ಲಿ ನಿಂತು ಮೇಲೆ ಬರುವ ಹುಳ ಹಿಡಿಯುತ್ತದೆ. ಉತ್ತರ ಭಾರತದ ಹೊಳೆಗಳಲ್ಲಿ ಇದರ ದೊಡ್ಡ ನೆಂಟ ಒಂದಿದೆ, ಅದಕ್ಕೆ ಬ್ರಿಟಿಷರು ಇಂಡಿಯನ್ ಟ್ರೌಟ್ ಅಂತಲೇ ಹೆಸರಿಟ್ಟಿದ್ದರು. ಮೀನನ್ನು ನೀರಿನಲ್ಲಿ ತಲೆ ಹರಿವಿನ ಎದುರಿಗೆ ಮಾಡಿ ಹಿಡಿದರು. ಎರಡು ಸಲ ಕಿವಿರು ಆಡಿತು, ಮೂರನೇದಕ್ಕೆ ಕೈಯಲ್ಲಿ ಇರಲಿಲ್ಲ.

ನನಗೂ ಹುಮ್ಮಸ್ಸು ಬಂತು. ಕೋಲು ಇಸಕೊಂಡೆ. ಹಿಂದಕ್ಕೆ ಬೀಸಿದೆ, ಕಾಯದೆ ಮುಂದಕ್ಕೆ ಬೀಸಿದೆ. ಬಲ ಕಿವಿಗೆ ಕಣಜ ಕಚ್ಚಿದ ಹಾಗಾಯಿತು. ಮುಟ್ಟಿ ನೋಡಿದರೆ ಹಾಲೆಯಲ್ಲಿ ಗರಿಯ ಹುಳ ನೇತಾಡುತ್ತಿದೆ! ಭಾವ ಗಾಬರಿಯಾಗಲಿಲ್ಲ. ಅವರು ಪ್ರತಿ ಗಾಳದ ಹಿಮ್ಮುಳ್ಳನ್ನೂ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿರುತ್ತಾರೆ, ಮೀನು ಬಿಡೋಕೆ ಸುಲಭ ಆಗಲಿ ಅಂತ. ಬಂದ ದಾರಿಯಲ್ಲೇ ಹಿಂದಕ್ಕೆ ಸರಿಸಿದರು, ಬಂತು. ಒಂದು ಹನಿ ರಕ್ತ. ಚಿಕ್ಕಪ್ಪ ಕಮ್ಯುನಿಸ್ಟ್ ಗಿಡದ ಎಲೆ ಅಂಗೈಯಲ್ಲಿ ಜಜ್ಜಿ ಹಿಂಡಿದರು. "ಇವತ್ತಿನ ದೊಡ್ಡ ಮೀನು ಇದೇ" ಅಂತ ಇಬ್ಬರೂ ನಕ್ಕಿದ್ದು ಸಂಜೆವರೆಗೂ ನಿಲ್ಲಲಿಲ್ಲ.

ಮೇಲಕ್ಕೆ ಹೋಗುತ್ತಾ ಒಂದು ದೊಡ್ಡ ಗುಂಡಿ. ನನ್ನ ಚಿಕ್ಕಂದಿನಲ್ಲಿ ನಾವು ಈಜುತ್ತಿದ್ದ ಗುಂಡಿ, ಕಾಲಿಗೆ ಮೀನು ಕಚ್ಚಿ ಕಚ್ಚಿ ಕಚಗುಳಿ ಇಡುತ್ತಿದ್ದವು. ಈಗ ನೀರು ತಿಳಿಯಾಗಿತ್ತು, ತಳದ ಎಲೆಗಳೂ ಕಾಣುತ್ತಿದ್ದವು. ಒಂದೇ ಒಂದು ಮೀನಿಲ್ಲ. ಭಾವ ಅರ್ಧ ಗಂಟೆ ಪ್ರಯತ್ನ ಮಾಡಿದರು. ಚಿಕ್ಕಪ್ಪ ಪ್ರಯತ್ನವನ್ನೇ ಮಾಡಲಿಲ್ಲ.

"ಶಿವರಾತ್ರಿ ಹೊತ್ತಿಗೆ ತೋಟೆ ಹೊಡೆದ್ರು," ಅಂದರು. "ಯಾರು ಅಂತ ಗೊತ್ತಿಲ್ಲ. ರಾತ್ರಿ ಶಬ್ದ ಕೇಳ್ತು. ಬೆಳಗ್ಗೆ ಬಂದು ನೋಡಿದ್ರೆ ಇಷ್ಟಿಷ್ಟುದ್ದದ ಮರಿ ಎಲ್ಲ ಬೆಳ್ಳಗೆ ತೇಲ್ತಿತ್ತು. ದೊಡ್ಡದನ್ನ ಆರಿಸ್ಕಂಡು ಹೋಗಿದಾರೆ."

ತೋಟೆ ಅಂದರೆ ಸಿಡಿಮದ್ದು, ಅದಕ್ಕೆ ದೊಡ್ಡದು ಸಣ್ಣದು ಅಂತ ಇಲ್ಲ. ನೀರೊಳಗೆ ಸಿಡಿದರೆ ಆ ಒತ್ತಡಕ್ಕೆ ಮೀನಿನ ಹೊಟ್ಟೆಯ ಗಾಳಿಚೀಲ ಒಡೆಯುತ್ತದೆ. ತೇಲಿದ್ದಕ್ಕಿಂತ ತಳಕ್ಕೆ ಹೋದದ್ದೇ ಜಾಸ್ತಿ. ಕೆಲವರು ಬ್ಲೀಚಿಂಗ್ ಪೌಡರ್ ಸುರಿಯುತ್ತಾರೆ, ಅದು ಕಲ್ಲಿನ ಕೆಳಗಿನ ಹುಳವನ್ನೂ ಬಿಡುವುದಿಲ್ಲ. ನನಗೆ ಮೀನು ಹಿಡಿಯುವವರ ಮೇಲೆ ಯಾವ ಸಿಟ್ಟೂ ಇಲ್ಲ, ನಾನೇ ಹೊಟ್ಟೆ ತುಂಬ ತಿಂದು ಬೆಳೆದವನು. ಆದರೆ ಬೇಸಿಗೆಯಲ್ಲಿ ಹೊಳೆ ಗುಂಡಿಗಳಷ್ಟೇ ಆಗಿ ಉಳಿದಾಗ, ಇಡೀ ಹೊಳೆಯ ಸಂಸಾರ ನಾಲ್ಕು ಗುಂಡಿಯಲ್ಲಿ ಅಡಗಿಕೊಂಡಿರುವಾಗ ಅಲ್ಲಿಗೇ ಹೋಗಿ ತೋಟೆ ಹಾಕುವುದಕ್ಕೆ ಮೀನು ಹಿಡಿಯುವುದು ಅಂತ ಹೆಸರಿಡೋದು ಬೇಡ.

ಬುತ್ತಿ ಬಿಚ್ಚಿದೆವು. ಅಕ್ಕಿ ರೊಟ್ಟಿ, ಕೆಂಪು ಚಟ್ನಿ, ಹೋದ ವರ್ಷದ ಅಪ್ಪೆಮಿಡಿ. ಮಿಡಿ ಕಚ್ಚಿದ ಶಬ್ದ ಎದುರು ದಡಕ್ಕೂ ಕೇಳಿರಬೇಕು.

ಮಧ್ಯಾಹ್ನ ಚಿಕ್ಕಪ್ಪನ ಸರದಿ. ಬಿದಿರಿನ ಕೋಲು, ಕೋಲಿನಷ್ಟೇ ಉದ್ದದ ನೈಲಾನ್ ದಾರ, ಒಂದು ಗಾಳ, ಗೊಬ್ಬರದ ಗುಂಡಿಯ ಎರೆಹುಳ. ರೀಲಿಲ್ಲ, ಏನಿಲ್ಲ. ಜಪಾನಿನ ಬೆಟ್ಟದ ಹೊಳೆಗಳಲ್ಲೂ ಹೀಗೇ ರೀಲಿಲ್ಲದ ಕೋಲಿಗೆ ದಾರ ಕಟ್ಟಿ, ಗರಿಯ ಹುಳ ಹಾಕಿ ಹಿಡಿಯುತ್ತಾರೆ, ಅದಕ್ಕೆ ತೆಂಕಾರ ಅಂತ ಹೆಸರು, ಈಗ ಅಮೆರಿಕದವರು ಅದನ್ನು ದುಡ್ಡು ಕೊಟ್ಟು ಕಲಿಯುತ್ತಿದ್ದಾರೆ ಅಂತ ಭಾವ ಹೇಳಿದರು. ಚಿಕ್ಕಪ್ಪ "ಗರಿ ಹುಳನಾ?" ಅಂತ ಒಂದೇ ಮಾತು ಕೇಳಿ ಸುಮ್ಮನಾದರು.

ದಡದ ಬೇರಿನ ಸಂದಿಗೆ ಬಿಟ್ಟ ಗಾಳಕ್ಕೆ ಹತ್ತೇ ನಿಮಿಷದಲ್ಲಿ ಜಗ್ಗಿತು. ಕೋಲು ಅರ್ಧಚಂದ್ರ ಆಯಿತು. ಔಲು! ಹಾವಿನಂಥ ತಲೆ, ಕಪ್ಪು ಮೈ, ನನ್ನ ಮೊಣಕೈಯಷ್ಟುದ್ದ. ನನ್ನ ಬಾಯಲ್ಲಿ ಆಗಲೇ ನೀರು. ಚಿಕ್ಕಪ್ಪ ದಡಕ್ಕೆ ಎಳೆದರು, ಕಿವಿರಿನ ಹತ್ತಿರ ಹಿಡಿದರು, ಆಮೇಲೆ ನೀರು ನೋಡಿ ನಿಂತರು.

ಬೇರಿನ ಹತ್ತಿರ ನೀರಿನ ಮೇಲೆ ಕೆಂಪಗೆ ಏನೋ ಕದಡುತ್ತಿತ್ತು. ಕುಂಕುಮ ಚೆಲ್ಲಿದ ಹಾಗೆ, ಒಂದು ಮೊರದಗಲ. ಬಗ್ಗಿ ನೋಡಿದರೆ ಮರಿಗಳು, ನೂರಾರು, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಗುಂಪು ಅಲ್ಲೇ ಸುತ್ತುತ್ತಿತ್ತು. ಔಲು ಮರಿ ಮಾಡಿದ ಮೇಲೆ ತಿಂಗಳವರೆಗೂ ಕಾಯುತ್ತದೆ, ಮರಿಗಳ ಕೆಳಗೇ ಈಜುತ್ತಿರುತ್ತದೆ, ಹತ್ತಿರ ಬಂದವರನ್ನು ಕಚ್ಚೋಕೂ ಬರುತ್ತದೆ.

"ಇದು ಇಲ್ಲದಿದ್ರೆ ಸಂಜೆಯೊಳಗೆ ಎಲ್ಲಾನೂ ಗಿರ್ಲು ನುಂಗ್ತವೆ," ಅಂದರು. ಗಾಳ ಬಿಡಿಸೋಕೆ ಒದ್ದಾಡಿದರು, ಅವರ ಗಾಳಕ್ಕೆ ಹಿಮ್ಮುಳ್ಳು ಇತ್ತು. ಭಾವ ತಮ್ಮ ಇಕ್ಕಳ ಕೊಟ್ಟರು. ಔಲು ನೀರಿಗೆ ಬಿದ್ದು ಬೇರಿನೊಳಗೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಕೆಂಪು ಗುಂಪು ಆ ಕಡೆಗೆ ಸರಿಯಿತು.

ನಾನು ಬೇಜಾರಲ್ಲಿ ನೋಡಿದ್ದು ಚಿಕ್ಕಪ್ಪನಿಗೆ ಗೊತ್ತಾಯಿತು. "ಹುಡುಗರಾಗಿದ್ದಾಗ ನೋಡಿಲ್ಲ ಇದನ್ನೆಲ್ಲ. ಆರಿದ್ರಾ ಮಳೆಗೆ ಹತ್ತುಮೀನು ಹೊಳೆಯಿಂದ ಗದ್ದೆಗೆ ಏರೋದೇ ತಡ, ಮೀನು ಹಿಡಿಯೋ ಕೂಣಿ ಹಾಕೋದು, ಕತ್ತಿಲಿ ಕಡಿಯೋದು. ಎಲ್ಲ ಬಸುರಿ ಮೀನು. ಹೊಟ್ಟೆ ಸೀಳಿದ್ರೆ ಬರೀ ಮೊಟ್ಟೆ. ಅದನ್ನೂ ಹುರಿದು ತಿಂದಿದೀವಿ." ಬಿದಿರಿನ ಕೋಲಿಗೆ ದಾರ ಸುತ್ತಿಟ್ಟರು.

ನಾಲ್ಕು ಗಂಟೆಗೆ ಆಗುಂಬೆ ಕಡೆ ಕಪ್ಪಾಯಿತು. ರೇವತಿ ಮಳೆ. ಮೊದಲ ಗುಡುಗಿಗೇ ಹೊಳೆಯ ಮೇಲೆ ಸಣ್ಣ ಹುಳಗಳು ಏಳತೊಡಗಿದವು, ಎಲ್ಲ ಕಡೆ ಗಿರ್ಲು ಚಿಟಿಕೆ ಹೊಡೆಯತೊಡಗಿದವು. ಭಾವ ಐದು ನಿಮಿಷದಲ್ಲಿ ನಾಲ್ಕು ಹಿಡಿದು ನಾಲ್ಕನ್ನೂ ಬಿಟ್ಟರು. ಮಿಂಚು ಹತ್ತಿರ ಬಂದರೂ ನೀರಿನಿಂದ ಏಳಲಿಲ್ಲ. ಅವರ ಕೈಯಲ್ಲಿದ್ದದ್ದು ಒಂಬತ್ತಡಿಯ ಕಾರ್ಬನ್ ಕೋಲು. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ ಅಂತ ಹೊಳೆಗೆ ಬರುವಾಗ ನನಗೆ ಹೇಳಿಕೊಟ್ಟವರು ಅವರೇ! ಚಿಕ್ಕಪ್ಪ ದಡದಿಂದ ಕಿರುಚಿದರು. "ಅಳಿಯಂದ್ರೇ, ನಮ್ಮ ಹುಡುಗಿ ಕೈಲಿ ನಾನು ಬೈಸ್ಕಳಲ್ಲ, ಏಳಿ ಮೇಲೆ!" ಆಗ ಎದ್ದರು.

ಮನೆಗೆ ಬಂದಾಗ ಮೂವರೂ ತೊಪ್ಪೆ. ಕೈಯಲ್ಲಿ ಒಂದು ಮೀನಿಲ್ಲ. ಅಡಿಗೆಮನೆಯಿಂದ ಮೀನು ಸಾರಿನ ಘಮ ಬರುತ್ತಿತ್ತು. ಬೆಳಗ್ಗೆ ಬೈಕಿನವನು ಪೋಂಯ್ ಪೋಂಯ್ ಮಾಡಿಕೊಂಡು ಬಂದಾಗ ಚಿಕ್ಕಮ್ಮ ಎರಡು ಕೆಜಿ ಬಂಗುಡೆ ಕೊಂಡಿದ್ದರು. ಮಲ್ಪೆಯಿಂದ ಆಗುಂಬೆ ಘಾಟಿಯ 14 ತಿರುವು ಹತ್ತಿ ಬಂದ ಮೀನು. "ನಿಮ್ಮನ್ನ ನಂಬ್ಕಂಡು ಕೂತ್ರೆ ಆಗ್ತದಾ?" ಅಂದರು. ವಾಟೆಹುಳಿ ಹಾಕಿದ ಸಾರು, ಬಿಸಿ ಕಡುಬು. ಭಾವ ಏಳು ಕಡುಬು ತಿಂದರು. ನಾನು ಎಣಿಸಿದೆ.

ಭಾನುವಾರ

ಮಧ್ಯಾಹ್ನದ ಬಸ್ಸಿಗೆ ಮುಂಚೆ ಆಟೋ ಮಾಡಿಕೊಂಡು ಚಿಬ್ಬಲಗುಡ್ಡೆಗೆ ಹೋದೆವು. ತೀರ್ಥಹಳ್ಳಿಯಿಂದ ಹತ್ತು ಕಿಲೋಮೀಟರ್ ಆಸುಪಾಸು, ತುಂಗೆಯ ದಡದಲ್ಲಿ ಗಣಪತಿ ದೇವಸ್ಥಾನ, ಅದರ ಮುಂದಿನ ಮಡುವಿನಲ್ಲಿ ದೇವರ ಮೀನುಗಳು. ಇಲ್ಲಿ ಯಾರೂ ಹಿಡಿಯುವುದಿಲ್ಲ.

ಮಂಡಕ್ಕಿ ಎಸೆದೆ. ನೀರು ಕುದಿಯಿತು. ಒಂದರ ಮೇಲೊಂದು ಹತ್ತಿ ಬಂದವು, ಕೆಲವು ನನ್ನ ಕಾಲಿನಷ್ಟು ದಪ್ಪ. ಮಹಶೀರ್. ದೊಡ್ಡ ದೊಡ್ಡ ಹೊಂಬಣ್ಣದ ಪೊರೆ, ದಪ್ಪ ತುಟಿ. ಬಾಯಲ್ಲಿ ಹಲ್ಲಿಲ್ಲ, ಗಂಟಲೊಳಗಿದೆ, ಬಸವನಹುಳುವಿನ ಚಿಪ್ಪನ್ನೂ ಅಲ್ಲೇ ಪುಡಿ ಮಾಡುತ್ತದೆ. ಪ್ರಪಂಚದ ಎಲ್ಲೆಲ್ಲಿಂದಲೋ ಗಾಳ ಹಿಡಿದವರು ಈ ಒಂದು ಮೀನಿಗಾಗಿ ಭಾರತಕ್ಕೆ ಬರುತ್ತಿದ್ದರು. ಭಾವ ಮೆಟ್ಟಿಲ ಮೇಲೆ ಕೂತು ನೋಡಿದರು. ಕೊಳವೆ ಆಟೋದಲ್ಲೇ ಇತ್ತು. ಬಲಗೈ ಮಾತ್ರ ಮಣಿಕಟ್ಟಿನಿಂದ ಹಿಂದಕ್ಕೆ ಮುಂದಕ್ಕೆ ಸಣ್ಣಗೆ ಆಡುತ್ತಿತ್ತು. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಅವರ ಕೈಗೆ ಒಂದು ಹಿಡಿ ಮಂಡಕ್ಕಿ ಹಾಕಿದಳು, ಪಾಪ, ಇವರ ಹತ್ತಿರ ಇಲ್ಲ ಅಂದುಕೊಂಡು.

ಬಸ್ಸು ಮಂಡಗದ್ದೆ ದಾಟುವಾಗ ಚಿಕ್ಕಪ್ಪನ ಫೋನು ಬಂತು. ಭಾವನಿಗೆ ಕೊಡು ಅಂದರು. ನಾನು ಸ್ಪೀಕರ್ ಹಾಕಿದೆ.

"ಅಳಿಯಂದ್ರೇ, ಆ ನೂಲು ಕೊನೇಲಿ ಬಿಚ್ಕಳದ ಹಾಗೆ ಗಂಟು ಹಾಕೋದು ಹೆಂಗೆ? ಎರಡು ಗಿರ್ಲು ಬಿತ್ತು, ಮೂರನೇದಕ್ಕೆ ಗರಿ ಎಲ್ಲ ಬಿಚ್ಕಂತು."

ಹಿಂದಿನಿಂದ ಚಿಕ್ಕಮ್ಮನ ಧ್ವನಿ ಕೇಳಿಸಿತು. ಹುಂಜದ ಕುತ್ತಿಗೆ ಒಂದು ಕಡೆ ಬೋಳಾಗಿದೆಯಂತೆ, ಬೆಳಗ್ಗಿನಿಂದ ಮಾಡಿನಿಂದ ಕೆಳಗೇ ಇಳಿದಿಲ್ಲವಂತೆ.